ರಿವರ್ಸ್ ಗೇರು

ಮೊಯ್ದು, ನೀನು ಕೇಳಿದ್ದಕ್ಕೆ ಹೇಳುತ್ತೇನೆ,
ಇಲ್ಲದಿದ್ದರೆ ಕುತ್ತಿಗೆಯ ಕತೆ ಹೇಳುವ ಹುಚ್ಚು ನನಗಿಲ್ಲ.
ಮಡಿಕೇರಿ ಸ್ಟ್ಯಾಂಡಿನವರೆಲ್ಲ ಈಗಾಗಲೇ
ನನ್ನ ಕಾಲರು ಸರಿಸಿ ನೋಡಿ ಆಯಿತು.

ಮೊದಲ ಮಾತು: ಕೊಯ್ಯುವುದು ಹಿಂದಿನಿಂದ ಅಲ್ಲ,
ಮುಂದಿನಿಂದ.
ನೋವು ಬೆನ್ನ ಕಡೆ, ಬಾಗಿಲು ಗಂಟಲ ಕಡೆ.
ಕೇಳಿ ನಾನೂ ನಿನ್ನ ಹಾಗೇ ಬಾಯಿ ತೆರೆದಿದ್ದೆ.
ಅನ್ನದ ಕೊಳವೆ, ಉಸಿರಿನ ಕೊಳವೆ ಎರಡನ್ನೂ
ಪರದೆ ಸರಿಸಿದ ಹಾಗೆ ಪಕ್ಕಕ್ಕೆ ಸರಿಸುತ್ತಾರಂತೆ.
ನಿನಗೆ ಗೊತ್ತಾಗುವುದಿಲ್ಲ,
ಆ ಹೊತ್ತು ನೀನು ಎಲ್ಲೂ ಇರುವುದಿಲ್ಲ.

ಮೈಸೂರಿನ ಡಾಕ್ಟರಮ್ಮ ನನ್ನ ಕುತ್ತಿಗೆಯ ಪಟವನ್ನು ಬೆಳಕಿಗೆ ಸಿಕ್ಕಿಸಿ
ಐದು ಆರರ ನಡುವೆ ಪೆನ್ನು ಇಟ್ಟರು.
ಮೆತ್ತೆ ಸವೆದು ಹೊರಗೆ ಬಂದು ನರ ಒತ್ತುತ್ತಿದೆ.
ಬುಶ್ ಹೋಗಿದೆ, ಎಂದೆ.
ಹದಿನಾಲ್ಕು ವರ್ಷ ಮಾಂದಲಪಟ್ಟಿ ಹತ್ತಿಸಿದರೆ
ಇನ್ನೇನು ಉಳಿಯುತ್ತೆ, ಅಂದರು.

ಒಂದು ದಾರಿ ಬೆಸುಗೆ. ಗಟ್ಟಿ.
ಆದರೆ ಆ ಜಾಗ ಇನ್ನು ತಿರುಗದು,
ಅದರ ಪಾಲಿನ ಕೆಲಸ ಮೇಲಿನದೂ ಕೆಳಗಿನದೂ ಹೊರಬೇಕು.
ಇನ್ನೊಂದು, ಸವೆದದ್ದನ್ನು ತೆಗೆದು ಆಡುವ ಬಿಲ್ಲೆ ಕೂರಿಸುವುದು:
ಲೋಹದ ಎರಡು ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಗುಬ್ಬಿ.
ಎಲ್ಲರಿಗೂ ಆಗುವುದಿಲ್ಲ.
ಎಲುಬು ಟೊಳ್ಳಾದವರಿಗೆ, ಕೀಲು ಹಿಡಿದುಕೊಂಡವರಿಗೆ ಬೆಸುಗೆಯೇ.
ನಿನ್ನದನ್ನು ಅವರು ನೋಡಿ ಹೇಳಲಿ.
ನಾನು ಮೆಕ್ಯಾನಿಕ್ ಅಲ್ಲ, ಗ್ಯಾರೇಜಿಂದ ಹೊರಬಂದ ಗಾಡಿ.

ಎಚ್ಚರವಾದಾಗ ಮೊದಲು ಹುಡುಕಿದ್ದು ನೋವನ್ನು.
ಭುಜದಿಂದ ಹೆಬ್ಬೆರಳವರೆಗೆ
ಎರಡು ವರ್ಷ ಕರೆಂಟು ಹರಿದ ತಂತಿ.
ಇರಲಿಲ್ಲ.
ನಂಬದೆ ಕೈ ಬೀಸಿದೆ,
ನರ್ಸಮ್ಮ ಬೈದಳು.

ಗಂಟಲಲ್ಲಿ ಮಾತ್ರ ಉಪ್ಪುಕಾಗದ ನುಂಗಿದ ಹಾಗೆ.
ಲೀಲಾ ನೂಲ್ಪುಟ್ಟನ್ನು ಹಾಲಲ್ಲಿ ಕಿವುಚಿ ತಂದಳು,
ಒಂದೊಂದು ಎಳೆಯೂ ಹೆಸರು ಹೇಳಿಕೊಂಡೇ ಒಳಗೆ ಹೋಯಿತು.
ಮೂರು ವಾರ ದನಿ ಇಲ್ಲ.
ರಾಜಾಸೀಟಿನವರೆಗೆ ಕೇಳುವಂತೆ ಗಿರಾಕಿ ಕೂಗುತ್ತಿದ್ದವನು
ಉಪ್ಪು ಬೇಕೆಂದರೂ ಪಿಸುಮಾತು.
ಮದುವೆಯಾದ ಮೇಲೆ ಇದೇ ಮೊದಲು
ನೀವು ಮೆಲ್ಲಗೆ ಮಾತಾಡಿದ್ದು, ಅಂದಳು ಲೀಲಾ.

ರೆಕ್ಕೆಮೂಳೆಗಳ ನಡುವೆ ಹೊಸ ನೋವು ಬರುತ್ತದೆ, ಹೆದರಬೇಡ,
ಜಾಕ್ ಕೊಟ್ಟು ಎತ್ತಿದರೆ ಸುತ್ತಲಿನದೆಲ್ಲ ಒಂದಷ್ಟು ದಿನ ಕಿರುಗುಟ್ಟುತ್ತದೆ.
ಉಸಿರು ಕಟ್ಟಿದರೆ, ನೀರೂ ಇಳಿಯದಿದ್ದರೆ, ಗಾಯ ಸೋರಿದರೆ
ಹೊತ್ತು ನೋಡಬೇಡ, ಫೋನು ಮಾಡು.
ನಡೆಯುವುದು ಮರುದಿನವೇ.
ಹೊರುವುದು ಬೇಡ: ಸಿಲಿಂಡರು, ಕಾಫಿ ಮೂಟೆ, ಸ್ಟೆಪ್ನಿ.

ಗಾಡಿ ಆರು ವಾರಕ್ಕೆ ಎಂದಿದ್ದರು.
ದಾರಿ ಹೇಗಿದೆ, ತೋರಿಸಿ, ಅಂದರು.
ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ.
ತುಂಬ ಹೊತ್ತು ಸುಮ್ಮನಿದ್ದು
ಮೂರು ತಿಂಗಳು, ಅಂದರು.

ಇದೊಂದು ಹೇಳದಿದ್ದರೆ ಸುಳ್ಳಾಗುತ್ತದೆ.
ನೋವು ಹೋಯಿತು, ಜೋಮು ಪೂರ್ತಿ ಹೋಗಿಲ್ಲ.
ಜೇಬಿನೊಳಗೆ ಒಂದು ರೂಪಾಯಿ ಯಾವುದು, ಎರಡು ಯಾವುದು
ಹೆಬ್ಬೆರಳು ಹೇಳುವುದಿಲ್ಲ,
ತೆಗೆದು ಕಣ್ಣಿಗೆ ತೋರಿಸಬೇಕು.
ಬರಬಹುದು, ವರ್ಷ ಹಿಡಿಯಬಹುದು,
ಬಾರದೆಯೂ ಇರಬಹುದು.
ತಡ ಮಾಡಿದವನು ನಾನು.
ನೀನು ಎಣ್ಣೆ ತಿಕ್ಕಿಸಿಕೊಂಡು ಕೂರಬೇಡ.

ಮೊನ್ನೆ ಸೋಮವಾರ ಮೇಲೆ ಹೋಗಿದ್ದೆ.
ಮಂಜು.
ಕೊನೆಯ ತಿರುವಿನಲ್ಲಿ ಎದುರಿಗೆ ಇನ್ನೊಂದು ಜೀಪು,
ಯಾರೋ ಹೊಸ ಹುಡುಗ, ಬೆವರುತ್ತಿದ್ದ.
ನಾನೇ ಹಿಂದೆ ಸರಿಯಬೇಕಾಯಿತು.
ಕನ್ನಡಿ ತುಂಬ ಬಿಳಿ.
ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗಿಟ್ಟು
ತಿರುಗಿದೆ.
ಗದ್ದ ಭುಜದವರೆಗೂ ಬಂತು, ಮೊಯ್ದು.
ಹಿಂದೆ ಕೂತಿದ್ದ ನಾಲ್ಕು ಮಂದಿ, ಅವರ ಆಚೆ ಇಳಿಜಾರು,
ಅಂಚಿನಲ್ಲಿ ಯಾರದೋ ಒಂದೇ ಕೆಂಪು ಚಪ್ಪಲಿ,
ಎಲ್ಲ ಕಂಡವು.
ಹಿಂದೆ ನೋಡುವುದು ಇಷ್ಟು ರುಚಿ ಎಂದು
ಯಾರೂ ಹೇಳಿರಲಿಲ್ಲ.

ಬುಧವಾರ ನಾನೂ ಬರುತ್ತೇನೆ,
ಬೆಳಗಿನ ಬಸ್ಸಿಗೆ ಹೋಗೋಣ.
ಸ್ಕ್ಯಾನಿನ ಪಟ ಮಡಚಬೇಡ.
ಸುರುಳಿ ಸುತ್ತು, ನಾನು ಹಿಡಿದುಕೊಳ್ಳುತ್ತೇನೆ.